ತೊಗರಿ ರೇಟು ಬಿದ್ದರೆ ಯಾರ ಬಾಗಿಲು ಬಡಿಯಬೇಕು?

ಎರೆಹೊಲದ ಮಗಳು (ಜೇವರ್ಗಿ ತಾಲೂಕು), 12 ಮಾರ್ಚ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಏಳು ಎಕರೆ ಎರೆ ಹೊಲ, ಅದರಲ್ಲಿ ಐದು ಎಕರೆ ತೊಗರಿ. ಈ ಸಲ ನಮ್ಮ ಹೊಲಕ್ಕೆ ನೆಟೆ ರೋಗ ಜಾಸ್ತಿ ಕಾಡಲಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದೆವು. ಅವತ್ತು ಅಪ್ಪ ಗಿಡಗಳ ನಡುವೆ ನಿಂತು ಸುಮ್ನೆ ನೋಡುತ್ತಾ ಇದ್ದರು. ಗಿಡದ ತುಂಬ ಕಾಯಿ. ರಾಶಿ ಮಾಡಿದಾಗ 26 ಕ್ವಿಂಟಲ್ ಬಂತು.

ಹೋದ ಬೇಸಿಗೆಯಲ್ಲಿ ತೊಗರಿ ಕ್ವಿಂಟಲ್‌ಗೆ 11 ಸಾವಿರ ದಾಟಿತ್ತು. ಆಗ ನಮ್ಮ ಮನೆಯಲ್ಲಿ ಒಂದು ಚೀಲವೂ ಇರಲಿಲ್ಲ. ಈ ಸಲ ಕನಿಷ್ಠ 9 ಸಾವಿರವಾದರೂ ಸಿಗುತ್ತದೆ ಅಂತ ಅಪ್ಪ ಲೆಕ್ಕ ಹಾಕಿದ್ದರು. ಜನವರಿಯಲ್ಲಿ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಒಯ್ದರೆ ಸಿಕ್ಕಿದ್ದು 7,120. ಬೆಂಬಲ ಬೆಲೆಯೇ 7,550 ಅಲ್ವಾ? ಕಾಯೋಣ ಅಂದೆ. ಆದರೆ ಬೀಜ, ಗೊಬ್ಬರದ ಉದ್ರಿ ತೀರಿಸಬೇಕಿತ್ತು, ತಮ್ಮನ ಡಿಪ್ಲೊಮಾ ಫೀಸು ಕಟ್ಟಬೇಕಿತ್ತು. ನಮ್ಮ ಭಾಗದ ಖರೀದಿ ಕೇಂದ್ರ ಇನ್ನೂ ತೂಕ ಶುರು ಮಾಡಿರಲಿಲ್ಲ. 20 ಕ್ವಿಂಟಲ್ ಕೊಟ್ಟುಬಿಟ್ಟೆವು.

ಆಮೇಲೆ ಕೇಂದ್ರದಲ್ಲಿ ತೂಕ ಶುರುವಾಯಿತು. ರಾಜ್ಯ ಸರ್ಕಾರದ 450 ರೂಪಾಯಿ ಸೇರಿ ಕ್ವಿಂಟಲ್‌ಗೆ 8,000 ಅಂದರು. 20 ಕ್ವಿಂಟಲ್‌ಗೆ 880 ರೂಪಾಯಿಯಂತೆ 17,600 ಹೋಯಿತು. ಉಳಿದ 6 ಕ್ವಿಂಟಲ್ ಆದರೂ ಅಲ್ಲಿ ಕೊಡೋಣ ಅಂದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಅಪ್ಪನ ಫ್ರೂಟ್ಸ್ ಐಡಿಗೆ (ರೈತರ ನೋಂದಣಿ ಸಂಖ್ಯೆಗೆ) ಹೊಲ ಜೋಡಣೆ ಆಗಿಲ್ಲ. ಆ ಚೀಲಗಳು ಈಗಲೂ ಪಡಸಾಲೆಯಲ್ಲಿವೆ.

ಕೇಳಲು ಹೋದೆ. ಒಂದು ಪಕ್ಷದವರು ‘ರೇಟು ಡೆಲ್ಲಿಯವರ ಕೈಯಲ್ಲಿದೆ’ ಅಂದರು. ಇನ್ನೊಂದು ಪಕ್ಷದವರು ‘ಬೆಂಗಳೂರಿನವರು ತಡ ಮಾಡಿದರು’ ಅಂದರು. ಕಚೇರಿಯಲ್ಲಿ ‘ಮೇಲಿಂದ ಆದೇಶ ಬರಬೇಕು’ ಅಂದರು. ಆ ‘ಮೇಲೆ’ ಅನ್ನುವುದು ಎಲ್ಲಿದೆ? ನಾನು ಬಿಎ ಓದಿದ್ದೇನೆ. ಒಕ್ಕೂಟ ವ್ಯವಸ್ಥೆ ಅಂತ ಐದು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದಿದ್ದೇನೆ. ಅದನ್ನು ಈಗ ನೆನೆಸಿಕೊಂಡರೆ ನನ್ನ ಪ್ರಶ್ನೆಗೆ ಏನೂ ಸಿಗುತ್ತಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಬೆಂಬಲ ಬೆಲೆ ಯಾರು ಗೊತ್ತು ಮಾಡುತ್ತಾರೆ? ಹೊರಗಿನ ತೊಗರಿ ಬರಲಿ ಅಂತ ಯಾರು ಬಿಡುತ್ತಾರೆ? ಖರೀದಿ ತಡ ಆಗಿದ್ದಕ್ಕೆ ಉತ್ತರ ಕೊಡಬೇಕಾದವರು ಯಾರು? ಗೊತ್ತಿದ್ದವರು ಹೇಳಿ.

ಗಂಜಿನ ಮುನೀಮ (ಕಲಬುರಗಿ), 12 ಮಾರ್ಚ್

ತಂಗಿ, ನಾನು ನೆಹರು ಗಂಜ್‌ನಲ್ಲಿ ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುತ್ತೇನೆ. 28 ವರ್ಷ ಆಯಿತು. ನೀವು ಬರೆದ 7,120 ಓದಿ ಬೇಜಾರಾಯಿತು. ಆ ವಾರದ ಮಾರಾಟದ ಪಟ್ಟಿಗಳನ್ನು (ರಸೀದಿಗಳನ್ನು) ಬರೆದ ಕೈ ನಂದೂ ಇರಬಹುದು.

ರೈತರು ಅಡತಿಯವನೇ ರೇಟು ಬೀಳಿಸಿದ ಅಂದುಕೊಳ್ಳುತ್ತಾರೆ. ತೂಕದಲ್ಲಿ, ತೇವದ ಹೆಸರಿನಲ್ಲಿ ಮೋಸ ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ರೇಟಿನ ಕೀಲಿ ನಮ್ಮ ಗಂಜಿನಲ್ಲಿಲ್ಲ. ಬೆಳಿಗ್ಗೆ ದಾಲ್ ಮಿಲ್ಲಿನವರು ಟೆಂಡರ್ ಹಾಕುವ ಮೊದಲು ಒಂದು ಫೋನ್ ಮಾಡುತ್ತಾರೆ. ಮುಂಬೈಯಲ್ಲಿ, ಚೆನ್ನೈಯಲ್ಲಿ ಬರ್ಮಾದ ಲೆಮನ್ ಅನ್ನುವ ಬಗೆಯ ತೊಗರಿ ಎಷ್ಟಕ್ಕೆ ಇದೆ ಅಂತ ಕೇಳುತ್ತಾರೆ. ಆಮೇಲೆ ಆಫ್ರಿಕಾದ ಮಾಲು ಕೇಳುತ್ತಾರೆ, ಮೊಜಾಂಬಿಕ್ಕಿನದು. ಅದನ್ನು ನೋಡಿಕೊಂಡು ನಮ್ಮ ಕಲಬುರಗಿ ತೊಗರಿಗೆ ರೇಟು ಬರೆಯುತ್ತಾರೆ.

2021ರ ಮೇ ತನಕ ತೊಗರಿ ಆಮದಿಗೆ ಮಿತಿ ಇತ್ತು. ಆ ತಿಂಗಳು ಮಿತಿ ತೆಗೆದರು. ಅಲ್ಲಿಂದ ಗಡುವು ಮುಂದೆ ಹಾಕುತ್ತಲೇ ಬಂದಿದ್ದಾರೆ. ಈ ಜನವರಿಯಲ್ಲಿ ಮತ್ತೆ ಮುಂದಕ್ಕೆ ಹಾಕಿದರು. 31 ಮಾರ್ಚ್ 2026ರ ತನಕ ಸುಂಕ ಇಲ್ಲದೆ ಬರಲಿ ಅಂತ ಆ ಆದೇಶದಲ್ಲಿ ಹೇಳಿದರು. ಜನವರಿ ಅಂದರೆ ಯಾವ ತಿಂಗಳು? ನಮ್ಮ ಹೊಲಗಳಲ್ಲಿ ರಾಶಿ ನಡೆಯುವ ತಿಂಗಳು. ಸುದ್ದಿ ಬಂದ ದಿನ ಮಿಲ್ಲಿನವರಿಗೆ ಅವಸರ ಹೋಯಿತು. ಇವತ್ತು ಸಿಗದಿದ್ದರೆ ನಾಳೆ ಹಡಗಿನಲ್ಲಿ ಬರುತ್ತದೆ ಅಂತ ಅವರಿಗೆ ಗೊತ್ತು. ರೈತನಿಗೆ ಮಾತ್ರ ನಾಳೆ ತನಕ ಕಾಯುವ ಶಕ್ತಿ ಇರುವುದಿಲ್ಲ.

ರೇಟು ಏರಿದಾಗ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಹೋದ ವರ್ಷ ಜೂನ್‌ನಲ್ಲಿ ಏರಿತ್ತಲ್ಲ, ಆಗ ಇಷ್ಟಕ್ಕಿಂತ ಜಾಸ್ತಿ ದಾಸ್ತಾನು ಇಡಬಾರದು ಅಂತ ಕೇಂದ್ರದಿಂದ ಆದೇಶ ಬಂತು. ಸೆಪ್ಟೆಂಬರ್ ಕೊನೆ ತನಕ ಇತ್ತು. ಪೇಟೆಯಲ್ಲಿ ಬೇಳೆ ಕೊಳ್ಳುವವರಿಗೆ ಭಾರ ಆಗಬಾರದು, ಅದು ಸರಿ. ಏರಿದಾಗ ತಡೆಯುವ ಕೈ ಬೇಗ ಬರುತ್ತದೆ. ಬಿದ್ದಾಗ ಎತ್ತುವ ಕೈ ತಡವಾಗಿ ಬರುತ್ತದೆ. ಇಷ್ಟು ವರ್ಷ ಗಲ್ಲೆಯ ಪಕ್ಕ ಕೂತು ನಾನು ಕಂಡಿದ್ದು ಇದು.

ನಿಮ್ಮ ಪಟ್ಟಿ ಜೋಪಾನ ಮಾಡಿ. ತಾರೀಕು, ತೂಕ, ರೇಟು ಮೂರೂ ಕಾಣಬೇಕು. ಪಹಣಿ ಕೆಲಸಕ್ಕೆ ತಹಶೀಲ್ ಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಅಜ್ಜನ ಹೆಸರಿನ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಮುಂದಿನ ರಾಶಿಯ ಒಳಗೆ ಅದು ಮುಗಿಯಲೇಬೇಕು.

ಹಳೆಯ ಮೇಷ್ಟ್ರು (ಯಾದಗಿರಿ), 13 ಮಾರ್ಚ್

ಅವ್ವಾ, ನಿನ್ನ ಪ್ರಶ್ನೆಯನ್ನು ರಾತ್ರಿ ಎರಡು ಸಲ ಓದಿದೆ. ಮೂವತ್ತು ವರ್ಷ ಸುರಪುರ, ಶಹಾಪುರ, ಯಾದಗಿರಿಯ ಸರ್ಕಾರಿ ಪಿಯು ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಕಲಿಸಿದವನು ನಾನು. ಎದುರಿಗೆ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ತೊಗರಿ, ಹತ್ತಿ, ಭತ್ತ ಬೆಳೆಯುವವರ ಮಕ್ಕಳು. ಈ ಪ್ರಶ್ನೆಯನ್ನು ಅವರಿಗೆ ನಾನೇ ಕೇಳಬೇಕಿತ್ತು. ಕೇಳಲಿಲ್ಲ ಅನ್ನುವ ನೋವಿದೆ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ನಮ್ಮ ಜನ ‘ಸರ್ಕಾರ’ ಅಂತ ಒಂದೇ ಶಬ್ದ ಹೇಳುತ್ತಾರೆ. ಸಂವಿಧಾನದಲ್ಲಿ ಅದು ಒಂದಲ್ಲ. ಏಳನೇ ಪರಿಶಿಷ್ಟದಲ್ಲಿ ಮೂರು ಪಟ್ಟಿ ಇವೆ. ಮೊದಲನೆಯದು ಕೇಂದ್ರದ್ದು, ಎರಡನೆಯದು ರಾಜ್ಯದ್ದು, ಮೂರನೆಯದು ಇಬ್ಬರಿಗೂ ಸೇರಿದ್ದು. ಕೃಷಿ ಇರುವುದು ರಾಜ್ಯದ ಪಟ್ಟಿಯಲ್ಲಿ, 14ನೇ ನಮೂದು. ಮಾರುಕಟ್ಟೆಯೂ ರಾಜ್ಯದ್ದೇ, 28ನೇ ನಮೂದು. ಹೊರದೇಶದ ವ್ಯಾಪಾರ, ಆಮದು, ರಫ್ತು ಕೇಂದ್ರದ ಪಟ್ಟಿಯ 41ನೇ ನಮೂದು. ಆಹಾರ ಪದಾರ್ಥಗಳ ವ್ಯಾಪಾರ, ಸರಬರಾಜು ಇಬ್ಬರ ಪಟ್ಟಿಯಲ್ಲಿದೆ. ಮುನೀಮರು ಹೇಳಿದ ದಾಸ್ತಾನು ಮಿತಿ ಬಂದಿದ್ದು 1955ರ ಅಗತ್ಯ ವಸ್ತುಗಳ ಕಾಯ್ದೆಯಿಂದ.

ಈಗ ನಿಮ್ಮ ಚೀಲವನ್ನು ನೋಡು. ಹೊಲದಲ್ಲಿ ಇರುವ ತನಕ ಅದು ಬೆಂಗಳೂರಿನ ಲೆಕ್ಕಕ್ಕೆ. ಗಂಜಿಗೆ ಬಂದರೂ ಬೆಂಗಳೂರಿನ ಲೆಕ್ಕಕ್ಕೆ. ಮುಂಬೈಯಲ್ಲಿ ಹಡಗಿನಿಂದ ಇಳಿಯುವ ಚೀಲ ಡೆಲ್ಲಿಯ ಲೆಕ್ಕಕ್ಕೆ. ಕೊನೆಗೆ ಎರಡು ಚೀಲಗಳೂ ಒಂದೇ ಮಿಲ್ಲಿನ ಬಾಗಿಲಿಗೆ ಬರುತ್ತವೆ. ಹಾಗಾಗಿ ನಿನಗೆ ಇಬ್ಬರು ಎರಡು ಉತ್ತರ ಕೊಟ್ಟರಲ್ಲ, ಇಬ್ಬರೂ ಅರ್ಧ ನಿಜ ಹೇಳಿದ್ದಾರೆ. ತಮ್ಮ ಪಾಲಿನ ಅರ್ಧವನ್ನು ಇಬ್ಬರೂ ಹೇಳಲಿಲ್ಲ.

ಬೆಂಬಲ ಬೆಲೆ ಪೂರ್ತಿ ಕೇಂದ್ರದ ತೀರ್ಮಾನ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಖರ್ಚಿನ ಲೆಕ್ಕ ತೆಗೆಯುತ್ತದೆ, ರಾಜ್ಯಗಳ ಅಭಿಪ್ರಾಯ ಕೇಳುತ್ತದೆ, ಶಿಫಾರಸು ಮಾಡುತ್ತದೆ. ಕೇಂದ್ರ ಸಂಪುಟ ಒಪ್ಪಿದ ಮೇಲೆ ಘೋಷಣೆ ಆಗುತ್ತದೆ. 2022-23ರಲ್ಲಿ ತೊಗರಿಗೆ 6,600 ಇತ್ತು, ಮರುವರ್ಷ 7,000, 2024-25ರಲ್ಲಿ 7,550. ಆದರೆ ಒಂದು ಮಾತು ಸರಿಯಾಗಿ ತಿಳಿದುಕೋ. ಬೆಂಬಲ ಬೆಲೆಗಿಂತ ಕಡಿಮೆಗೆ ಕೊಂಡ ವ್ಯಾಪಾರಿಯನ್ನು ಹಿಡಿಯುವ ಕೇಂದ್ರದ ಕಾನೂನು ಇಲ್ಲ. ನಿನ್ನ ಊರಿನ ಹತ್ತಿರ ಖರೀದಿ ಕೇಂದ್ರ ತೆರೆದು ತಕ್ಕಡಿ ಇಟ್ಟ ದಿನದಿಂದ ಮಾತ್ರ ಆ 7,550ಕ್ಕೆ ಜೀವ. ಅಲ್ಲಿಯ ತನಕ ಅದು ಕಾಗದದ ಮೇಲಿನ ಅಂಕಿ.

ನಿನ್ನ ಮನೆಗೆ ನಷ್ಟ ಆಗಿದ್ದು ಇಲ್ಲೇ. ಆದ್ದರಿಂದ ಖರೀದಿ ಹೇಗೆ ಶುರುವಾಗುತ್ತದೆ ಅಂತ ನೋಡಬೇಕು. ಮೊದಲು ರಾಜ್ಯ ಸರ್ಕಾರ ‘ನಮ್ಮಲ್ಲಿ ಇಷ್ಟು ಬೆಳೆ ಬಂದಿದೆ, ರೇಟು ಬಿದ್ದಿದೆ, ಖರೀದಿಗೆ ಒಪ್ಪಿಗೆ ಕೊಡಿ’ ಅಂತ ಕೇಂದ್ರಕ್ಕೆ ಪ್ರಸ್ತಾವ ಕಳಿಸಬೇಕು. ಕೇಂದ್ರ ಒಪ್ಪಬೇಕು. ಆಮೇಲೆ ನಾಫೆಡ್‌ನಂಥ ರಾಷ್ಟ್ರಮಟ್ಟದ ಸಹಕಾರ ಸಂಸ್ಥೆಯ ಪರವಾಗಿ ರಾಜ್ಯದ ಸಹಕಾರ ಮಹಾಮಂಡಳ, ಊರಿನ ಸೊಸೈಟಿ ಕೊಳ್ಳುತ್ತವೆ. ಗೋಣಿಚೀಲ, ಗೋದಾಮು, ನೋಂದಣಿ, ಇದೆಲ್ಲ ರಾಜ್ಯದ ಕಡೆಯ ಕೆಲಸ. ಬೆಂಬಲ ಬೆಲೆಯ ದುಡ್ಡು ಕೇಂದ್ರದ ಯೋಜನೆಯದು. ಮೇಲಿನ 450 ರಾಜ್ಯದ ಬೊಕ್ಕಸದ್ದು.

ಹಾಗಾದರೆ ತಡ ಮಾಡಿದವರು ಯಾರು? ಮೂರು ತಾರೀಕು ಕೇಳು. ರಾಜ್ಯದಿಂದ ಪ್ರಸ್ತಾವ ಹೋಗಿದ್ದು ಯಾವ ದಿನ? ಕೇಂದ್ರದ ಒಪ್ಪಿಗೆ ಬಂದಿದ್ದು ಯಾವ ದಿನ? ನಿಮ್ಮ ಖರೀದಿ ಕೇಂದ್ರದಲ್ಲಿ ಮೊದಲ ಚೀಲ ತೂಗಿದ್ದು ಯಾವ ದಿನ? ಮೊದಲನೆಯದೇ ತಡ ಆಗಿದ್ದರೆ ಬೆಂಗಳೂರು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಜಾಸ್ತಿ ದಿನ ಹೋಗಿದ್ದರೆ ಡೆಲ್ಲಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಹೋಗಿದ್ದರೆ ನಿಮ್ಮ ಜಿಲ್ಲೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬೇರೆ ಏನನ್ನೂ ಸೇರಿಸಬೇಡ. ಮೂರು ತಾರೀಕು, ಅಷ್ಟೇ.

ಆಮದಿನ ವಿಷಯಕ್ಕೆ ಶಾಸಕರ ಮನೆಗೆ ಹೋಗಿ ಪ್ರಯೋಜನ ಇಲ್ಲ. ವಿಧಾನಸಭೆಗೆ ಆ ಅಧಿಕಾರವೇ ಇಲ್ಲ. ಸಂಸದರ ಹತ್ತಿರ ಹೋಗು. ಜೇವರ್ಗಿ ಗುಲಬರ್ಗಾ ಲೋಕಸಭಾ ಕ್ಷೇತ್ರಕ್ಕೆ ಬರುತ್ತದೆ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ, ಇಲ್ಲಿ ತುಂಬ ಜನ ತಪ್ಪು ಬಾಗಿಲಿಗೆ ಹೋಗುತ್ತಾರೆ. ಆಳಂದ, ಚಿಂಚೋಳಿಯವರು ಕಲಬುರಗಿ ಜಿಲ್ಲೆಯವರಾದರೂ ಅವರ ಸಂಸದರು ಬೀದರ್ ಕ್ಷೇತ್ರದವರು. ಯಾದಗಿರಿ, ಶಹಾಪುರ, ಸುರಪುರ ಸೇರುವುದು ರಾಯಚೂರು ಕ್ಷೇತ್ರಕ್ಕೆ. ನಮ್ಮ ಜಿಲ್ಲೆಯಲ್ಲಿ ಗುರುಮಠಕಲ್ ಒಂದು ಮಾತ್ರ ಗುಲಬರ್ಗಾಕ್ಕೆ.

ಸಂಸದರಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬರಬೇಡ. ಒಂದು ಪ್ರಶ್ನೆ ಬರೆದುಕೊಡು, ಸದನದಲ್ಲಿ ಕೇಳಿ ಅನ್ನು. ಲೋಕಸಭೆ ಕೂತ ದಿನ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೆದು ಕೊಡಬೇಕು. ಬರೆದು ಕೊಟ್ಟ ಉತ್ತರವೇ ನಮಗೆ ಜಾಸ್ತಿ ಉಪಯೋಗ, ಅದು ದಾಖಲೆಯಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ತೆಗೆದು ಓದಬಹುದು. ಸಂವಿಧಾನದ 75ನೇ ವಿಧಿ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಹೊಣೆ. ಪಾರ್ಲಿಮೆಂಟರಿ ಪದ್ಧತಿ ಅಂತ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆನಲ್ಲ, ಅದರ ಜೀವ ಇರುವುದು ಇಲ್ಲಿ. ಮಂತ್ರಿ ಎಷ್ಟೇ ದೊಡ್ಡವನಾದರೂ ಸದನದಲ್ಲಿ ಕೇಳಿದರೆ ಉತ್ತರ ಹೇಳಬೇಕು. ರಾಜ್ಯದಲ್ಲೂ ಹಾಗೇ, ಖರೀದಿ ತಡವಾದ ಬಗ್ಗೆ ನಿನ್ನ ಶಾಸಕರು ವಿಧಾನಸಭೆಯಲ್ಲಿ ಕೇಳಬಹುದು.

ಬೀದರ್ ಹುಡುಗ (ಈಗ ಬೆಂಗಳೂರು), 13 ಮಾರ್ಚ್

ಮೇಷ್ಟ್ರು ಸರ್, ನಮಸ್ಕಾರ. ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ದುಡ್ಡಿನ ವಿಷಯ ಬಿಟ್ಟಿದ್ದೀರಿ. ನಮ್ಮದು ಔರಾದ್ ತಾಲೂಕು. ಅಣ್ಣ ಊರಲ್ಲಿ ಸೋಯಾ, ಉದ್ದು ಬೆಳೆಯುತ್ತಾನೆ. ನಾನು ಇಲ್ಲಿ ಕಂಪನಿಯಲ್ಲಿದ್ದೇನೆ. ಪ್ರತಿ ತಿಂಗಳು ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ, ಅದು ಡೆಲ್ಲಿಗೆ ಹೋಗುತ್ತದೆ.

14ನೇ ಹಣಕಾಸು ಆಯೋಗದಲ್ಲಿ ರಾಜ್ಯಗಳಿಗೆ ಹಂಚುವ ದುಡ್ಡಿನಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಜಿಎಸ್‌ಟಿ ಕಟ್ಟುವುದರಲ್ಲಿ ಮಹಾರಾಷ್ಟ್ರ ಬಿಟ್ಟರೆ ನಾವೇ. 2023ರ ಬರಕ್ಕೆ ರಾಜ್ಯ 18,171 ಕೋಟಿ ಕೇಳಿತು. ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಬಿಡುಗಡೆ ಆಗಿದ್ದು 3,454 ಕೋಟಿ. ಆ ವರ್ಷ ನಮ್ಮ ಅಣ್ಣನ ಉದ್ದು ಒಣಗಿ ಹೋಯಿತು. ಪರಿಹಾರ ಬರುವ ಹೊತ್ತಿಗೆ ಮುಂದಿನ ಬಿತ್ತನೆ ಹತ್ತಿರ ಬಂದಿತ್ತು.

ನಮ್ಮ ತೆರಿಗೆ ನಮ್ಮಲ್ಲೇ ಉಳಿದರೆ 450 ಯಾಕೆ, ಸಾವಿರ ರೂಪಾಯಿ ಕೊಡಬಹುದು. ತಪ್ಪಿದ್ದರೆ ತಿದ್ದಿ.

ಹಳೆಯ ಮೇಷ್ಟ್ರು (ಯಾದಗಿರಿ), 14 ಮಾರ್ಚ್

ತಮ್ಮಾ, ನೀನು ಕೊಟ್ಟ ಅಂಕಿಗಳು ಸರಿ ಇವೆ. ಪಾಲು ಇಳಿದಿದ್ದು ನನಗೂ ನೋವಿನ ವಿಷಯ. ಇನ್ನೊಂದನ್ನು ನಾನೇ ಸೇರಿಸುತ್ತೇನೆ. ಕೇಂದ್ರ ವಸೂಲಿ ಮಾಡುವ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಅಂತ 15ನೇ ಆಯೋಗ ಹೇಳಿದೆ. ಆದರೆ ತೆರಿಗೆಯ ಜೊತೆಗೆ ಸೆಸ್, ಸರ್‌ಚಾರ್ಜ್ ಅಂತ ಹೆಚ್ಚುವರಿ ಹಾಕಿದ್ದು ಈ ಹಂಚಿಕೆಗೆ ಬರುವುದೇ ಇಲ್ಲ, ಪೂರ್ತಿ ಕೇಂದ್ರಕ್ಕೆ. ಅದಕ್ಕೆ ಮಿತಿ ಬೇಕು ಅಂತ ಕೇಳುವುದು ನ್ಯಾಯ. ಅರವಿಂದ ಪನಗಾರಿಯಾ ಅವರ 16ನೇ ಆಯೋಗದ ಲೆಕ್ಕ 2026ರ ಏಪ್ರಿಲ್‌ನಿಂದ ನಡೆಯುತ್ತದೆ. ಹಂಚುವ ಪಾಲನ್ನು ಶೇ 50ಕ್ಕೆ ಏರಿಸಿ ಅಂತ ಕರ್ನಾಟಕ ಅದನ್ನು ಕೇಳಿತ್ತು. ನಾನೂ ಅದರ ಪರ.

ಆದರೆ ‘ನಮ್ಮ ತೆರಿಗೆ ನಮ್ಮಲ್ಲೇ’ ಅನ್ನುವ ಮಾತಿಗೆ ಬಂದಾಗ ನನಗೆ ಭಯ ಆಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದು.

ಪಾಲು ಯಾಕೆ ಇಳಿಯಿತು? 15ನೇ ಆಯೋಗದ ಸೂತ್ರದಲ್ಲಿ 100ಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ. ಬಡ ರಾಜ್ಯಕ್ಕೆ ಜಾಸ್ತಿ, ಸಿರಿವಂತ ರಾಜ್ಯಕ್ಕೆ ಕಡಿಮೆ. ಡೆಲ್ಲಿಯಲ್ಲಿ ಕೂತು ನೋಡಿದರೆ ಕರ್ನಾಟಕ ಸಿರಿವಂತ ರಾಜ್ಯ. ಆ ಸಿರಿ ಎಲ್ಲಿಯದು? ಬೆಂಗಳೂರಿನದು. ನಮ್ಮ ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದು ನೋಡು. ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಮೇಲೆ, ಕಲಬುರಗಿ ಕೆಳಗೆ. ಕೂಡಿಸಿ ಭಾಗಿಸಿದಾಗ ನಮ್ಮ ಬಡತನ ಆ ಸರಾಸರಿಯ ಒಳಗೆ ಮುಚ್ಚಿಹೋಗುತ್ತದೆ. ಹುಣಸಗಿಯಿಂದ ಪುಣೆಗೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳು ಡೆಲ್ಲಿಯ ಲೆಕ್ಕದಲ್ಲಿ ಸಿರಿವಂತ ರಾಜ್ಯದ ಮನೆಗಳು.

ಈಗ ಯೋಚನೆ ಮಾಡು. ಕರ್ನಾಟಕ ಎದ್ದು ‘ನಾವು ಕಟ್ಟಿದ್ದು ನಮಗೇ ಬರಲಿ’ ಅಂದರೆ, ನಾಳೆ ಬೆಂಗಳೂರು ಎದ್ದು ಯಾದಗಿರಿಗೆ ಅದೇ ಮಾತು ಹೇಳಬಹುದು. ‘ನಿಮ್ಮ ರಸ್ತೆಗೆ, ಆಸ್ಪತ್ರೆಗೆ ನಮ್ಮ ದುಡ್ಡು ಯಾಕೆ?’ ಅನ್ನಬಹುದು. ಆಗ ನಾವು ಯಾವ ಬಾಯಿಯಿಂದ ಉತ್ತರ ಕೊಡೋಣ? ಇದ್ದವರಿಂದ ಇಲ್ಲದವರಿಗೆ ಹೋಗಬೇಕು ಅನ್ನುವ ಮಾತಿನ ಮೇಲೆಯೇ ನಾವು ಬದುಕಿದ್ದೇವೆ. ಬಿಹಾರಕ್ಕೆ ಕೊಡುವಾಗ ಆ ಮಾತು ತಪ್ಪು, ನಮಗೆ ಕೊಡುವಾಗ ಸರಿ ಅಂತ ನನ್ನಿಂದ ಹೇಳಲಾಗುವುದಿಲ್ಲ.

ನಮ್ಮ ಅಪ್ಪ ನಿಜಾಮನ ಕಾಲದಲ್ಲಿ ಹುಟ್ಟಿದವರು. ಅವರ ಹೊಲದ ಹಳೆಯ ಕಾಗದ ಉರ್ದುವಿನಲ್ಲಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹೊಲ ಬಿಟ್ಟು ಅಪ್ಪ ಎಲ್ಲೂ ಹೋಗಲಿಲ್ಲ, ಅವರ ಮೇಲಿನ ಸರ್ಕಾರ ಮಾತ್ರ ಬದಲಾಗುತ್ತಾ ಹೋಯಿತು. ಪ್ರತಿ ಸಲವೂ ನಾವು ರಾಜಧಾನಿಯಿಂದ ದೂರವೇ ಉಳಿದೆವು.

ಆ ದೂರದ ಲೆಕ್ಕ ಹಾಕಿದವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದ ತಾಲೂಕು 39 ಅಂದರು. ಅದರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ನಾನು ಆಗ ಶಹಾಪುರದಲ್ಲಿದ್ದೆ. ಪತ್ರಿಕೆಯಲ್ಲಿ ಬಂದ ಆ ತಾಲೂಕುಗಳ ಹೆಸರನ್ನು ತರಗತಿಯಲ್ಲಿ ಓದಿದೆ. ಹುಡುಗರು ತಮ್ಮ ತಮ್ಮ ತಾಲೂಕು ಬಂದಾಗ ತಲೆ ತಗ್ಗಿಸಿದರು. ತಲೆ ತಗ್ಗಿಸುವ ಕೆಲಸ ನೀವು ಮಾಡಿಲ್ಲ ಅಂತ ಅವತ್ತು ಹೇಳಿದ್ದು ಇನ್ನೂ ನೆನಪಿದೆ.

ಹತ್ತು ವರ್ಷದ ಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. 2012ರಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿತು. ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರು, ಮಲ್ಲಿಕಾರ್ಜುನ ಖರ್ಗೆಯವರು ಡೆಲ್ಲಿಯಲ್ಲಿ ಹಿಡಿದು ಕೂತರು. ಈ ಭಾಗದ ಸರ್ಕಾರಿ ಕೆಲಸದಲ್ಲಿ ಎ ಮತ್ತು ಬಿ ದರ್ಜೆಗೆ ಶೇ 75, ಸಿ ದರ್ಜೆಗೆ 80, ಡಿ ದರ್ಜೆಗೆ 85 ನಮ್ಮವರಿಗೆ. ನನ್ನ ಕೈಯಲ್ಲಿ ಓದಿದ ಒಬ್ಬ ಹುಡುಗಿ, ತಂದೆ ಇಲ್ಲದ ಮನೆ, ಇವತ್ತು ಅದೇ 371(ಜೆ) ಸರ್ಟಿಫಿಕೇಟ್ ಮೇಲೆ ನರ್ಸಿಂಗ್ ಓದಿ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದಾಳೆ. ಕಂಡಾಗಲೆಲ್ಲ ಬಿಪಿ ನೋಡಿ ಕಳಿಸುತ್ತಾಳೆ.

ಈ ಭಾಗದ ಕೆಲಸಗಳಿಗಾಗಿ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್ಟಿನಲ್ಲಿ ಬರೆಯುತ್ತಾರೆ. ಬರೆದಿದ್ದೆಷ್ಟು, ಮಾರ್ಚ್ 31ರ ಒಳಗೆ ಖರ್ಚಾಗಿದ್ದೆಷ್ಟು ಅಂತ ನೀನು ಬೆಂಗಳೂರಿನಲ್ಲಿದ್ದುಕೊಂಡೇ ಕೇಳಬಹುದು. ಡೆಲ್ಲಿಯನ್ನು ಕೇಳುವಷ್ಟೇ ಜೋರಾಗಿ ಕೇಳು.

ಜಿಎಸ್‌ಟಿ ಬಗ್ಗೆ ಒಂದು ಮಾತು. ಅದು ಡೆಲ್ಲಿಯವರದ್ದೊಂದೇ ಕೆಲಸ ಅಲ್ಲ. ತೆರಿಗೆ ದರ ಗೊತ್ತು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರರಲ್ಲಿ ಎರಡು. ನಾಲ್ಕರಲ್ಲಿ ಮೂರು ಭಾಗ ಬೆಂಬಲ ಇಲ್ಲದೆ ಏನೂ ಪಾಸಾಗುವುದಿಲ್ಲ. ಅಂದರೆ ಕೇಂದ್ರ ಒಪ್ಪದೆ ಆಗದು, ರಾಜ್ಯಗಳು ಒಪ್ಪದೆಯೂ ಆಗದು.

ಗಂಜಿನ ಮುನೀಮ (ಕಲಬುರಗಿ), 14 ಮಾರ್ಚ್

ಮೇಷ್ಟ್ರೇ, ಆ ಮಂಡಳಿಯ ಕೆಲಸ ನಮ್ಮ ಗಂಜಿನಲ್ಲಿ ಕಣ್ಣಿಗೆ ಕಾಣುತ್ತದೆ. 2022ರ ಜುಲೈ 18ರಿಂದ 25 ಕಿಲೋ ತನಕದ ಪ್ಯಾಕ್ ಮಾಡಿ ಹೆಸರು ಹಾಕಿದ ಬೇಳೆಗೆ ಶೇ 5 ಜಿಎಸ್‌ಟಿ. 25 ಕಿಲೋ ದಾಟಿದರೆ ಇಲ್ಲ. ಅದಕ್ಕೇ ಮಿಲ್ಲುಗಳಲ್ಲಿ 30 ಕಿಲೋ ಚೀಲ ಜಾಸ್ತಿಯಾಯಿತು. ಮನೆಗೆ ಒಂದು ಕಿಲೋ ಪ್ಯಾಕೆಟ್ ಒಯ್ಯುವ ಬಡವರು ಆ ತೆರಿಗೆ ಕಟ್ಟುತ್ತಾರೆ, ದೊಡ್ಡ ಚೀಲ ಕೊಳ್ಳುವವರು ಕಟ್ಟುವುದಿಲ್ಲ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿದೆ. ಪ್ಯಾಕ್ ಮಾಡಿ ಊರ ಹೆಸರು ಹಾಕಿ ಮಾರೋಣ ಅಂದರೆ ಅದಕ್ಕೂ ಆ 5 ಬೀಳುತ್ತದೆ. ಇದನ್ನೂ ಯಾರಾದರೂ ಮಂಡಳಿಯಲ್ಲಿ ಎತ್ತಬೇಕು.

ಬೀದರ್ ಹುಡುಗ (ಈಗ ಬೆಂಗಳೂರು), 14 ಮಾರ್ಚ್

ಸರ್, ನೀವು ಬೆಂಗಳೂರು–ಯಾದಗಿರಿ ಅಂತ ಹೇಳಿದ್ದನ್ನು ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಇಲ್ಲಿ ಆಫೀಸಿನಲ್ಲಿ ‘ಉತ್ತರ ಕರ್ನಾಟಕದವರಿಗೆ ಎಷ್ಟು ಕೊಟ್ಟರೂ ಸಾಲದು’ ಅಂತ ಒಬ್ಬರು ಅಂದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗಿತ್ತು. ಬರ ಪರಿಹಾರ ತಡವಾದ ನೋವು ಹಾಗೇ ಇದೆ. ಆದರೆ ನಾನು ಬರೆಯುವ ಅರ್ಜಿಯಲ್ಲಿ ಸೆಸ್ ಮತ್ತು ಬರ ಪರಿಹಾರದ ತಾರೀಕು, ಈ ಎರಡನ್ನೇ ಹಿಡಿದುಕೊಳ್ಳುತ್ತೇನೆ.

ಎರೆಹೊಲದ ಮಗಳು (ಜೇವರ್ಗಿ ತಾಲೂಕು), 16 ಮಾರ್ಚ್

ಎಲ್ಲರಿಗೂ ಕೈಮುಗಿದು ಧನ್ಯವಾದ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಮೂರು ತಾರೀಕಿನ ಮಾತು ಬಂದಾಗ ‘ಇನ್ನೊಂದು ಸಲ ಓದು’ ಅಂದರು.

ನಿನ್ನೆ ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದೆ. ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ, ಸೋಮವಾರ ಹಾಕುತ್ತೇನೆ. ಸಂಸದರಿಗೆ ಕೊಡಲು ಪ್ರಶ್ನೆ ಹೀಗೆ ಬರೆದೆ, ಸರ್ ನೋಡಿ ತಿದ್ದಿ: ‘ತೊಗರಿ ಆಮದಿನ ಗಡುವನ್ನು ಜನವರಿಯಲ್ಲಿ ಮುಂದಕ್ಕೆ ಹಾಕುವ ಮೊದಲು ತೊಗರಿ ಬೆಳೆಯುವ ರಾಜ್ಯಗಳ ಅಭಿಪ್ರಾಯ ಕೇಳಲಾಗಿತ್ತೇ? ಕೇಳಿದ್ದರೆ ಕರ್ನಾಟಕ ಯಾವ ದಿನ, ಏನು ಉತ್ತರ ಕೊಟ್ಟಿತ್ತು? ರಾಶಿಯ ತಿಂಗಳುಗಳಾದ ಡಿಸೆಂಬರ್‌ನಿಂದ ಮಾರ್ಚ್ ತನಕ ಆಮದಿಗೆ ಸುಂಕ ಹಾಕುವ ವಿಚಾರ ಸರ್ಕಾರದ ಮುಂದಿದೆಯೇ?’

ಊರಿನ ಇನ್ನೂ ಹನ್ನೊಂದು ಮನೆಯವರು ಜನವರಿಯಲ್ಲೇ ಮಾರಿದ್ದಾರೆ. ಅವರೂ ಸಹಿ ಮಾಡುತ್ತೇವೆ ಅಂದಿದ್ದಾರೆ. ಗಂಜಿನ ಪಟ್ಟಿಯನ್ನೂ ಇದಕ್ಕೆ ಹಚ್ಚಬೇಕಾ?

ಹಳೆಯ ಮೇಷ್ಟ್ರು (ಯಾದಗಿರಿ), 16 ಮಾರ್ಚ್

ಅವ್ವಾ, ಪ್ರಶ್ನೆ ಚೆನ್ನಾಗಿದೆ. ಒಂದು ಶಬ್ದವನ್ನೂ ಬದಲಿಸಬೇಡ. ಹನ್ನೆರಡು ಮನೆಯ ಪಟ್ಟಿಗಳನ್ನೂ ಹಚ್ಚು, ಜೆರಾಕ್ಸ್ ಮಾತ್ರ. ಒರಿಜಿನಲ್ ಯಾರ ಕೈಗೂ ಕೊಡಬೇಡ. ಕೊಟ್ಟ ಕಾಗದದ ಇನ್ನೊಂದು ಪ್ರತಿಯ ಮೇಲೆ ಅವರ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡು ಬಾ.